ಗುಂಡಿಯ ಕಲ್ಲು

ಕಾದಂಬರಿಗೆಂದು ಅವಳು ಕಲ್ಪಿಸಿದ ಊರಿನಡಿ ದೊಡ್ಡದೊಂದು ಸೆರೆಮನೆಯಿತ್ತು. ಶಾಪ ತಗುಲಿದ ರಾಜನೊಬ್ಬ ಅದನ್ನು ತೋಡಿಸಿದ್ದನೆಂದು ಓದಿ ಹೇಳಿದಾಗ, ಗಾರೆ ಕೆಲಸದ ಸೋದರಮಾವ ಮೂಗು ಮುರಿದ.

"ನನ್ನ ಕಿವಿಗೆ ಹೂ ಇಡ್ಬೇಡ. ಅಷ್ಟು ಕಲ್ಲು ತೆಗೆದು ಎಲ್ಲಿ ಹಾಕಿದ್ರು?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ರಾಜನ ಸಾಲನ್ನು ಹೊಡೆದುಹಾಕಿ, ಊರಿನ ಮನೆಗಳನ್ನೆಲ್ಲ ಆ ಗುಂಡಿಯ ಕಲ್ಲಿನಿಂದಲೇ ಕಟ್ಟಿದ್ದೆಂದು ಬರೆದಳು.

ಮಾವ ತಲೆದೂಗಿದ. "ಇದು ನಂಬೋ ಮಾತು. ಆದ್ರೆ ಕಲ್ಲಿನ ಗುಂಡಿ ಸೆರೆಮನೆ ಹೇಗಾಯ್ತು?"

"ಎಲ್ಲರ ಮನೆ ಮುಗಿದ ಮೇಲೆ, ಕಲ್ಲು ಒಡೆದವರು ತಮಗೂ ಒಂದೊಂದು ಮನೆ ಕೇಳಿದ್ರು ಮಾವ. ಕೇಳಿದವರನ್ನ ಅಲ್ಲಿಗೇ ಇಳಿಸಿದ್ರು."

ನಲವತ್ತು ವರ್ಷ ಊರವರ ಮನೆ ಕಟ್ಟಿ, ಇನ್ನೂ ಬಾಡಿಗೆ ಮನೆಯಲ್ಲೇ ಇದ್ದ ಮಾವ ಈ ಸಲ ತಪ್ಪು ಹುಡುಕಲಿಲ್ಲ.