ಪೈನ್ ಮರದ ಮೊಳೆ

"ಸೊಲಾಂಜ್!" ಎಂದು ಬಾಸ್ತಿಯೆನ್ ಟೋಪಿಯೊಳಗಿಂದ ಎರಡನೆಯ ಚೀಟಿ ಎತ್ತಿ ಕೂಗಿದ. ಅದಕ್ಕೆ ಜೋಡಿಯಾಗಿ ಮೊದಲು ಬಂದದ್ದು ಒಡೆಟ್‌ಳ ಚೀಟಿ. ಗುಂಡೆಸೆತದ ಪಂದ್ಯಕ್ಕೆಂದು ಮೈದಾನದಲ್ಲಿ ಸೇರಿದ್ದ ಕ್ಯಾಂಪಿನವರೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆಮೇಲೆ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಇನ್ನೊಂದ್ಸಲ ಎತ್ತು," ಎಂದಳು ಒಡೆಟ್.

"ಅದಾಗಲ್ಲಮ್ಮ," ಎಂದ ಕ್ಯಾಂಪಿನ ಯಜಮಾನ ಬಾಸ್ತಿಯೆನ್. "ಟೋಪಿ ಹೇಳಿದ್ದೇ ಮಾತು. ಗಂಡ ಹೆಂಡ್ತೀನ ಬೇರೆ ಮಾಡುತ್ತೆ, ಜಗಳಗಂಟರನ್ನ ಒಂದ್ಮಾಡುತ್ತೆ. ನಾನೇನ್ಮಾಡ್ಲಿ? ಬೇಡ ಅಂದ್ರೆ ಸೋತೆ ಅಂತ ಬರ್ಕೋತೀನಿ."

ಸೋತೆ ಎನ್ನುವ ಮಾತು ಒಡೆಟ್‌ಗೆ ಹುಟ್ಟಿನಿಂದಲೂ ಆಗಿಬರದು. ಕಬ್ಬಿಣದ ಗುಂಡುಗಳನ್ನು ಎತ್ತಿಕೊಂಡು ಬಿರಬಿರನೆ ಅಂಕಣಕ್ಕಿಳಿದಳು. ಸೊಲಾಂಜ್ ಮೂರು ಮಾರು ದೂರದಲ್ಲಿ ಬೇರೆ ಯಾರದೋ ಜೊತೆಗೆ ಬಂದವಳ ಹಾಗೆ ನಡೆದಳು.

ಆಗಸ್ಟ್ ಬಂತೆಂದರೆ ಒಡೆಟ್ ಮತ್ತು ಅವಳ ಗಂಡ ಫೆರ್ನಾಂ ಉತ್ತರದ ಲೀಲ್ ಊರಿನಿಂದ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಎಳೆದುಕೊಂಡು ಈ ಕಡಲ ದಂಡೆಗೆ ಬಂದು ತಿಂಗಳಿಡೀ ಇರುತ್ತಿದ್ದರು. ದೊಡ್ಡ ಪೈನ್ ಮರದ ಕೆಳಗಿನ ಜಾಗ ಅವರದು, ಪಕ್ಕದ ಬಿಸಿಲು ಜಾಗ ಸೊಲಾಂಜ್‌ಳದು. ಎರಡೂ ಮನೆಯ ಮಕ್ಕಳು ಒಟ್ಟಿಗೆ ಈಜು ಕಲಿತು, ದೊಡ್ಡವರಾಗಿ, ಬೇರೆ ಕಡೆ ರಜೆ ಕಳೆಯತೊಡಗಿದರು. ಈ ಹೆಂಗಸರ ಆಗಸ್ಟ್ ಮಾತ್ರ ಕದಲಿರಲಿಲ್ಲ. ಕಳೆದ ಚಳಿಗಾಲದಲ್ಲಿ ಫೆರ್ನಾಂ ತೀರಿಕೊಂಡ. ಆ ದುಃಖದಲ್ಲಿ ಜನವರಿಯಲ್ಲಿ ಫೋನ್ ಮಾಡಿ ಜಾಗ ಹಿಡಿಯುವುದು ಒಡೆಟ್‌ಗೆ ನೆನಪೇ ಆಗಲಿಲ್ಲ.

ಈ ಸಲ ಬಂದು ನೋಡುತ್ತಾಳೆ, ಪೈನ್ ಮರದ ಕೆಳಗೆ ಸೊಲಾಂಜ್! ಫೆರ್ನಾಂ ಮರಕ್ಕೆ ಹೊಡೆದಿದ್ದ ಮೊಳೆಗೆ ಅವಳ ಬಟ್ಟೆ ಹಗ್ಗ! ಒಡೆಟ್‌ಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಗಂಡ ಹೋದ ಅಂತ ಮರಾನೂ ಹೊಡ್ಕೊಂಡ್ಯಾ?" ಎಂದು ಎಲ್ಲರೆದುರು ಕೂಗಾಡಿ, ಬಿಸಿಲಿನ ಜಾಗದಲ್ಲಿ ಕ್ಯಾರವಾನ್ ನಿಲ್ಲಿಸಿ, ಮುಖ ತಿರುಗಿಸಿದವಳು ತಿರುಗಿಸಿದವಳೇ. ತಿಂಗಳು ಮುಗಿಯುವ ಮುಂಚೆಯೇ, ಇವತ್ತು ಬೆಳಿಗ್ಗೆ, ಕ್ಯಾರವಾನ್ ಮುಂದಿನ ಡೇರೆಯ ಗೂಟಗಳನ್ನೂ ಕಿತ್ತಿದ್ದಳು. ನಾಳೆ ಹೊರಟರೆ ಮತ್ತೆ ಈ ಕಡೆ ತಲೆ ಹಾಕಬಾರದೆಂದು ಗಟ್ಟಿ ಮಾಡಿಕೊಂಡಿದ್ದಳು. ಆದರೆ ಲೀಲ್‌ನ ಆ ಮನೆಯಲ್ಲಿ ಒಬ್ಬಳೇ ಆಗಸ್ಟ್ ಕಳೆಯುವುದು ಹೇಗೆಂದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಮಾತಿಲ್ಲದ ಜೋಡಿ ಎಲ್ಲಾದರೂ ಗೆಲ್ಲುವುದುಂಟೆ? ಇವಳು ಎಡಕ್ಕೆಸೆದರೆ ಅವಳು ಬಲಕ್ಕೆಸೆದಳು. ಎದುರಾಳಿ ಕಸಾಯಿ ರೆಮಿ ಮೀಸೆ ಮರೆಯಲ್ಲೇ ನಗುತ್ತ ಹನ್ನೆರಡು ಅಂಕ ಗಳಿಸಿದ. ಇವರದು ಸೊನ್ನೆ. ಹದಿಮೂರಾದರೆ ಆಟ ಮುಗಿಯಿತು. ಸುದ್ದಿ ಹಬ್ಬಿ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿಕೊಂಡರು.

"ಫ್ಯಾನಿ! ಫ್ಯಾನಿ!" ಎಂದು ಕೂಗು ಎದ್ದಿತು. ಕ್ಯಾಂಪಿನ ಬಾರಿನ ಗೋಡೆಯಲ್ಲಿ ಪುಟ್ಟ ಮರದ ಬಾಗಿಲೊಂದಿದೆ. ಅದರ ಹಿಂದೆ ಲಂಗ ಎತ್ತಿ ದುಂಡನೆಯ ಅಂಡು ತೋರಿಸುವ ಹೆಂಗಸಿನ ಚಿತ್ರ. ಅವಳೇ ಫ್ಯಾನಿ. ಒಂದಂಕವೂ ಇಲ್ಲದೆ ಸೋತವರು ಮಂಡಿಯೂರಿ ಅಲ್ಲಿಗೆ ಮುತ್ತಿಡಬೇಕು. ಫೆರ್ನಾಂ ಸಾಯುವ ತನಕ ಫ್ಯಾನಿಯ ಹತ್ತಿರ ಸುಳಿದವನಲ್ಲ, ಒಡೆಟ್ ಕೂಡ ಇಲ್ಲ.

ಕೊನೆಯ ಸುತ್ತು. ರೆಮಿಯ ಕಡೆಯವರ ಗುಂಡುಗಳೆಲ್ಲ ಮುಗಿದಿದ್ದವು. ಗುರಿಯ ಪುಟ್ಟ ಮರದ ಗೋಲಿಗೆ ಸೊಲಾಂಜ್‌ಳ ಗುಂಡು ಎಲ್ಲಕ್ಕಿಂತ ಹತ್ತಿರ ಕೂತಿತ್ತು. ಅಂದರೆ ಇವರಿಗೆ ಒಂದಂಕ, ಮಾನ ಉಳಿಯಿತು. ಒಡೆಟ್‌ಳ ಕೈಯಲ್ಲಿ ಇನ್ನೊಂದೇ ಗುಂಡು.

"ಎಸೀಬೇಡ ಕಣೇ!" ಎಂದಳು ಸೊಲಾಂಜ್. ಜಗಳವಾದ ಮೇಲೆ ಅವಳಾಡಿದ ಮೊದಲ ಮಾತು. "ಒಂದಂಕ ಇದೆ. ಸಾಕು."

ಒಡೆಟ್‌ಗೆ ಸಾಕಾಗಲಿಲ್ಲ. ಇವಳ ಗುಂಡಿನ ಭಿಕ್ಷೆಯಿಂದ ಮಾನ ಉಳಿಸಿಕೊಳ್ಳುವುದೆ? ಪಕ್ಕದಲ್ಲಿದ್ದ ರೆಮಿಯ ಗುಂಡನ್ನು ಹಾರಿಸಿ ತನ್ನದೂ ಒಂದಂಕ ಸೇರಿಸುತ್ತೇನೆಂದು ಕೈ ಬೀಸಿದಳು. ಟಣ್! ಹಾರಿದ್ದು ಸೊಲಾಂಜ್‌ಳ ಗುಂಡು. ರೆಮಿಯದು ಕೂತಲ್ಲೇ ಕೂತಿತ್ತು, ಈಗ ಗೋಲಿಗೆ ಎಲ್ಲಕ್ಕಿಂತ ಹತ್ತಿರದ್ದು ಅದೇ. ಹದಿಮೂರು, ಸೊನ್ನೆ.

ಬಾಸ್ತಿಯೆನ್ ಗಂಟೆ ಹೊಡೆದ. ಒಡೆಟ್ ನೆಲ ನೋಡುತ್ತ ನಿಂತಳು. ಅಳುವೇ ಬಂದುಬಿಟ್ಟಿತ್ತು. ಪಕ್ಕದಲ್ಲಿ ಕಿಸಿಕಿಸಿ ಸದ್ದಾಯಿತು. ತಿರುಗಿದರೆ ಸೊಲಾಂಜ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಹಟಮಾರಿ! ಫೆರ್ನಾಂ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ದ."

ಬಾರಿನಲ್ಲಿ ಪುಟ್ಟ ಬಾಗಿಲು ತೆರೆಯಿತು. ಇಬ್ಬರೂ ಮಂಡಿ ನೋವಿಗೆ ನರಳುತ್ತ ಅಕ್ಕಪಕ್ಕ ಕೂತರು.

"ಬಲಗಡೇದು ನಂದು," ಎಂದಳು ಸೊಲಾಂಜ್.

"ಇಲ್ಲೂ ಒಳ್ಳೇ ಜಾಗ ನಿಂಗೇನಾ?" ಎಂದಳು ಒಡೆಟ್. ಚುಚ್ಚಬೇಕೆಂದು ಆಡಿದ ಮಾತು, ಬಾಯಿಂದ ಹೊರಬರುವಾಗ ನಗೆಯಾಗಿತ್ತು.

ಸೊಲಾಂಜ್ ದನಿ ತಗ್ಗಿಸಿದಳು. "ಫೆಬ್ರವರೀಲಿ ಬಾಸ್ತಿಯೆನ್ ಫೋನ್ ಮಾಡಿದ. ನಿನ್ನಿಂದ ಸುದ್ದಿ ಇಲ್ಲ, ಮರದ ಜಾಗ ಬೇರೆಯೋರಿಗೆ ಕೊಡ್ತೀನಿ ಅಂದ. ಫೆರ್ನಾಂ ಕೂತ ಜಾಗದಲ್ಲಿ ಯಾರೋ ಗುರುತಿಲ್ಲದೋರು ಕೂತ್ರೆ ನನ್ನ ಕೈಲಿ ನೋಡೋಕಾಗಲ್ಲ ಕಣೇ. ಅದಕ್ಕೇ ನಾನೇ ಹಿಡ್ಕೊಂಡೆ."

"ಹೇಳಬಾರದಿತ್ತಾ?"

"ನೀನು ಬಾಯಿ ತೆಗೆಯೋಕೆ ಬಿಟ್ರೆ ತಾನೆ!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಒಡೆಟ್ ಭಯದಿಂದ ಗೆಳತಿಯ ಮುಖ ನೋಡಿದಳು. ಸೊಲಾಂಜ್‌ಳ ಕಣ್ಣಲ್ಲೂ ನೀರಿತ್ತು. "ಮುತ್ತಿಡ್ತೀರೋ, ಸಂಸಾರ ಮಾಡ್ತೀರೋ?" ಎಂದು ರೆಮಿ ಹಿಂದಿನಿಂದ ಕೂಗಿದ. ಇಬ್ಬರೂ ಒಟ್ಟಿಗೆ ಮುತ್ತಿಟ್ಟು, ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಂಡು ಎದ್ದರು.

ಮರುದಿನ ಬೆಳಿಗ್ಗೆ ಒಡೆಟ್ ಎರಡು ಉದ್ದನೆಯ ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಬೇಕರಿಯಿಂದ ಬಂದಳು. ಅವಳು ಕಿತ್ತಿಟ್ಟಿದ್ದ ಗೂಟಗಳನ್ನು ಸೊಲಾಂಜ್ ಆಗಲೇ ಮತ್ತೆ ನೆಲಕ್ಕೆ ಹೊಡೆಯುತ್ತಿದ್ದಳು, ಎಲ್ಲವೂ ಸೊಟ್ಟ. ಫೆರ್ನಾಂನ ಮೊಳೆಯಿಂದ ಹೊರಟ ಹಗ್ಗ ಈಗ ಉದ್ದವಾಗಿ ಬಂದು ಒಡೆಟ್‌ಳ ಕ್ಯಾರವಾನಿಗೆ ಕಟ್ಟಿಕೊಂಡಿತ್ತು. ಅದರ ಅರ್ಧಕ್ಕೆ ಸೊಲಾಂಜ್‌ಳ ಬಟ್ಟೆಗಳು ಒಣಗುತ್ತಿದ್ದವು. ಉಳಿದರ್ಧವನ್ನು ಅವಳು ಖಾಲಿ ಬಿಟ್ಟಿದ್ದಳು.