ಸೂಜಿ ಚುಚ್ಚಿದ ಅಕ್ಷರಗಳು

ಮೈಕು ಗೊರಗೊರ ಅನ್ನುತ್ತಿದೆ, ಅದನ್ನಾದರೂ ಯಾರಾದರೂ ಸರಿಮಾಡಬಾರದೇ, ಹೆಡ್‌ಮಾಸ್ಟರು ಮಾತ್ರ ಕ್ಯಾರೇ ಅನ್ನದೆ ಅಪ್ಪನನ್ನು ಹೊಗಳುತ್ತಲೇ ಇದ್ದಾರೆ, ಶ್ರದ್ಧಾಂಜಲಿ ಸಭೆಯ ಎರಡನೇ ಸಾಲಿನಲ್ಲಿ ಕೂತ ಅವಳಿಗೆ ಮೈಯೆಲ್ಲ ಉರಿ — ಬೋರ್ಡು ಬರೀತಿದ್ದ ನಮ್ಮ ಬೋರ್ಡಣ್ಣ ಹೋಗಿ ತಿಂಗಳಾಯ್ತು, ಆದ್ರೆ ಊರಿನ ಗೋಡೆಗಳ ಮೇಲೆ ಅವರ ಕೈ ಇನ್ನೂ ಇದೆ, ಎಂಥಾ ಕೈ ಅದು, ಎಂಥಾ ಅಕ್ಷರ. ಅಕ್ಷರವಂತೆ. ಯಾರ ಅಕ್ಷರ? ಆಸ್ಪತ್ರೆಯ ಬೋರ್ಡು, ಶಾಲೆಯ ಕಮಾನು, ಗಿರಣಿಯ ಉದ್ದನೆ ಗೋಡೆ, ಒಂದೊಂದನ್ನೂ ಅಡುಗೆಮನೆಯ ನೆಲಕ್ಕೆ ಕಾಗದ ಹಾಸಿ, ಮಂಡಿಯೂರಿ ಬರೆದವಳು ಅವಳು, ಬರೆದ ಗೆರೆಯ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಚುಚ್ಚಿದವಳು ಅವಳು. ಬೆಳಗ್ಗೆ ಅಪ್ಪ ಆ ಕಾಗದ ಸುರುಳಿ ಸುತ್ತಿ ಒಯ್ದು, ಗೋಡೆಗೆ ಅಂಟಿಸಿ, ಬಟ್ಟೆಗಂಟಿನ ಇದ್ದಿಲಪುಡಿಯನ್ನು ಮೇಲೆ ತಟ್ಟಿದರೆ ಸಾಕು, ಗೋಡೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡುತ್ತಿತ್ತು, ಆಮೇಲೆ ಚುಕ್ಕಿ ಸೇರಿಸಿ ಬಣ್ಣ ತುಂಬುವುದು, ಕೆಳಗೆ ಮೂಲೆಯಲ್ಲಿ ತನ್ನ ಹೆಸರು ಹಾಕುವುದು. ಹದಿಮೂರನೇ ವಯಸ್ಸಿನಿಂದ, ಮದುವೆಯಾಗಿ ಎರಡು ಬೀದಿ ಆಚೆ ಹೋದ ಮೇಲೂ. ಅಪ್ಪ, ಗೋಡೆ ಮೇಲೆ ನಾನೇ ಬರೀತೀನಿ ಅಂದಿದ್ದಕ್ಕೆ, ಏಣಿ ಹತ್ತೋದು ನಿನ್ನ ಕೆಲಸ ಅಲ್ಲಮ್ಮ, ಬಿದ್ದು ಕೈಕಾಲು ಮುರ್ಕೊಂಡ್ರೆ — ಅಷ್ಟೇ, ಕೋಪವಿಲ್ಲ, ಮೆತ್ತಗೆ, ಆ ಮೆತ್ತನೆ ದನಿಗೆ ಎದುರಾಡಲು ಬಾಯೇ ಬರುತ್ತಿರಲಿಲ್ಲ. ಅಣ್ಣನನ್ನು ಹತ್ತಿಸಿದ. ಅಗೋ, ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಇದೇ ಅಣ್ಣ, ಮೊದಲ ದಿನವೇ ಕಾಗದವನ್ನು ಹಿಂದುಮುಂದಾಗಿ ಅಂಟಿಸಿ ಪುಡಿ ತಟ್ಟಿ, ಯೋಚನೆಯಿಲ್ಲದೆ ಬಣ್ಣವನ್ನೂ ಬಳಿದು, ಗಿರಣಿಯವರು ತಮ್ಮ ಹೆಸರು ಓದಲು ಕನ್ನಡಿ ತರಬೇಕಾಯಿತು, ಮರುದಿನ ತಲೆ ಸುತ್ತುತ್ತದೆ ಅಂತ ಇಳಿದವನು ಮತ್ತೆ ಹತ್ತಲಿಲ್ಲ, ಆಗಲಾದರೂ ಬಾ ಅನ್ನಬಹುದಿತ್ತಲ್ಲ ಅಪ್ಪ.

ಒಳ್ಳೆಯವನೇ, ಯಾರು ಇಲ್ಲವೆಂದರು, ಅಮ್ಮ ಹಾಸಿಗೆ ಹಿಡಿದ ಮೂರು ವರ್ಷ ಬಣ್ಣದ ಕೈ ಸೀಮೆಎಣ್ಣೆಯಲ್ಲಿ ತೊಳೆದುಕೊಂಡು ಬಂದು ತಾನೇ ಮಗಳ ಜಡೆ ಹೆಣೆಯುತ್ತಿದ್ದ, ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದಳು. ಆದರೆ ಹೋದ ಬೇಸಿಗೆ — ಅಪ್ಪನ ಬುತ್ತಿ ಹಿಡಿದು ಆಟದ ಮೈದಾನಕ್ಕೆ ಹೋದರೆ, ಕಾಂಪೌಂಡು ಗೋಡೆಗೆ ಒರಗಿಸಿದ ಏಣಿಯ ಮೇಲೆ ಅವಳ ಮಗಳು, ಕೈಯಲ್ಲಿ ಬ್ರಷ್ಷು, ಕೆಳಗೆ ಎಪ್ಪತ್ತಾರರ ಅಪ್ಪ ಏಣಿಯ ಎರಡೂ ಕಾಲು ತಬ್ಬಿ ಹಿಡಿದು ನಿಂತಿದ್ದಾನೆ, ಇನ್ನೊಂದು ಮೆಟ್ಲು ಹತ್ತು ಪುಟ್ಟಿ, ನಾನು ಹಿಡ್ಕೊಂಡಿದೀನಿ. ಹಿಡ್ಕೊಂಡಿದೀನಿ. ಅವಳು ಬುತ್ತಿಯನ್ನು ಕಟ್ಟೆಯ ಮೇಲೆ ಕುಕ್ಕಿ ಬಂದಿದ್ದಳು, ಅವನಿಗೆ ಕಾರಣ ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದನೋ.

ಇವತ್ತು ಹೇಳಿಯೇ ಬಿಡಬೇಕು, ಎದ್ದು, ಈ ಗೊರಗೊರ ಮೈಕಿನಲ್ಲೇ, ಅದು ನನ್ನ ಅಕ್ಷರ ಅಂತ, ಏಳಬೇಕು ಅನ್ನುವಷ್ಟರಲ್ಲಿ ಮೊಮ್ಮಗಳು ಎರಡು ಮಾತಾಡಲಿ ಅಂದರು, ಮಗಳು ಮೈಕು ಹಿಡಿದಳು. ಈ ಊರಿನ ಅಕ್ಷರ ಎಲ್ಲಾ ನಮ್ಮಮ್ಮಂದು. ಏಣಿ ಹಿಡ್ಕೊಂಡು ನಿಂತಾಗ ಅಜ್ಜ ಯಾವಾಗ್ಲೂ ಹೇಳ್ತಿದ್ರು, ನಿಮ್ಮಮ್ಮನ್ನ ಹತ್ತಿಸ್ಲಿಲ್ಲ, ತಪ್ಪು ಮಾಡಿದೆ ಅಂತ. ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಅಣ್ಣನೂ, ಯಾರೋ ಚಪ್ಪಾಳೆ ತಟ್ಟಿದರು, ಏಳಮ್ಮ, ಎದ್ದು ನಿಲ್ಲು ಅನ್ನುತ್ತಿದ್ದಾರೆ, ಈಗ ಸಂತೋಷವಾಗಬೇಕಲ್ಲವೇ, ಆಗುತ್ತಿಲ್ಲ, ಸಿಟ್ಟು ನೆತ್ತಿಗೇರುತ್ತಿದೆ — ಗೊತ್ತಿತ್ತು ಅವನಿಗೆ, ದಿನಾ ಸಂಜೆ ಎರಡು ಬೀದಿ ದಾಟಿ ಬರುತ್ತಿದ್ದ, ಟೀ ಕುಡಿಯುತ್ತಿದ್ದ, ಸಕ್ಕರೆ ಜಾಸ್ತಿಯಾಯ್ತು ಅನ್ನುವುದಕ್ಕೆ ಬಾಯಿತ್ತು, ಇದಕ್ಕೆ ಇರಲಿಲ್ಲ, ಮಗುವಿಗೆ ಹೇಳಿದ, ಗೋಡೆಗೆ ಹೇಳಿದ, ನನಗೆ ಯಾಕೆ ಹೇಳಲಿಲ್ಲ, ನನಗೆ ಯಾಕೆ — ಏಳಲಾಗುತ್ತಿಲ್ಲ, ಕಣ್ಣ ಮುಂದೆ ಅಪ್ಪನ ಅವೇ ಎರಡು ಕೈ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ, ನರ ಉಬ್ಬಿ, ಏಣಿಯ ಕಾಲುಗಳನ್ನು ಗಟ್ಟಿಯಾಗಿ ಹಿಡಿದಿವೆ, ಏಣಿ ಒಂದಿಷ್ಟೂ ಅಲುಗುತ್ತಿಲ್ಲ.