ಗ್ರಾಹಕರಿಗೂ ನಿಮಗೂ ಸಂಬಂಧವಿದೆಯೇ?

ಬಾಕಿ ಪಟ್ಟಿಯ ಒಂಬತ್ತನೆಯ ಹೆಸರಿಗೆ ಬಂದಾಗ ಅವಳ ಕೈ ಮೌಸಿನ ಮೇಲೆಯೇ ನಿಂತಿತು. ಹೆಸರು ಅಣ್ಣನದು. ಮನೆಗೆ ಕೊಟ್ಟಿರುವುದು ಆಕ್ಸಿಜನ್ ಮಷೀನು, ಏಳು ತಿಂಗಳಿಂದ. ಎರಡು ತಿಂಗಳ ಬಾಡಿಗೆ ಬಾಕಿ, ಅದರ ಮೇಲೆ ತಡ ಮಾಡಿದ್ದಕ್ಕೆ ದಂಡ. ಮೂರನೆಯ ತಿಂಗಳೂ ಕಟ್ಟದಿದ್ದರೆ ವ್ಯಾನು ಹೋಗಿ ಮಷೀನನ್ನು ವಾಪಸು ತರುತ್ತದೆ.

ಕಾಯಿಲೆಯವರ ಮನೆಗೆ ಮಂಚ, ಗಾಲಿಕುರ್ಚಿ, ಮಷೀನುಗಳನ್ನು ಬಾಡಿಗೆಗೆ ಕೊಡುವ ಆ ಕಂಪನಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಬಿಲ್ಲು ನೋಡುತ್ತಿದ್ದಳು. ಅಣ್ಣನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಳ್ಳುವವರು ಯಾರೆಂಬ ಮಾತು ಬಂದು, "ನಿನಗೇನು, ಗಂಡನಾ, ಮಕ್ಕಳಾ? ಬೇರೆ ಕೆಲಸ ಏನಿದೆ?" ಎಂದಿದ್ದ. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ. ಆ ಮಾತನ್ನು ಮಾತ್ರ ನುಂಗಿಕೊಳ್ಳಲು ಆಗಿರಲಿಲ್ಲ.

ನಂಬರು ಒತ್ತಿದಳು.

"ಬಿಲ್ಲಿಂಗ್ ವಿಭಾಗದಿಂದ ಮಾತಾಡ್ತಿದೀವಿ ಸರ್. ಎರಡು ತಿಂಗಳ ಬಾಡಿಗೆ ಬಾಕಿ ಇದೆ."

"ಗೊತ್ತು ಮೇಡಂ." ಎರಡೆರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. "ಪಿಂಚಣಿ ಬಂದಿಲ್ಲ... ಕಾಗದ ಎಲ್ಲೋ ಸಿಕ್ಕಿಹಾಕ್ಕೊಂಡಿದೆ. ಬಂದ ಕೂಡ್ಲೆ ಕಟ್ತೀನಿ. ಮಷೀನು ಮಾತ್ರ... ತಗೊಂಡ್ ಹೋಗ್ಬೇಡಿ."

ತರಕಾರಿಯವನ ಜೊತೆಗೂ ಜೋರುದನಿಯಲ್ಲೇ ಮಾತಾಡುತ್ತಿದ್ದವನು ಅವನು. ಅವಳು ಕಂಪನಿಯ ಪ್ರಶ್ನೆಗಳಲ್ಲಿ ಇಲ್ಲದ್ದೊಂದನ್ನು ಕೇಳಿದಳು. "ಮನೇಲಿ ಜೊತೆಗೆ ಯಾರಿದಾರೆ?"

"ಯಾರೂ ಇಲ್ಲ ಮೇಡಂ. ಹೆಂಡತಿ ಹೋಗಿ ಎರಡು ವರ್ಷ ಆಯ್ತು."

ಅತ್ತಿಗೆ ಇಲ್ಲವೆಂಬುದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. "ಆಯ್ತು ಸರ್, ನೋಡ್ತೀನಿ" ಎಂದು ಫೋನಿಟ್ಟಳು.

ದಂಡ ಮನ್ನಾ ಮಾಡುವ ಪುಟ ತೆರೆದರೆ ಮೊದಲ ಪ್ರಶ್ನೆಯೇ ಅದು: ಗ್ರಾಹಕರಿಗೂ ನಿಮಗೂ ಸಂಬಂಧವಿದೆಯೇ? 'ಇಲ್ಲ' ಎಂದರೆ ದಂಡವನ್ನು ಅವಳೇ ತೆಗೆದುಹಾಕಬಹುದು. 'ಇದೆ' ಎಂದರೆ ಖಾತೆ ಪಕ್ಕದ ಗುಮಾಸ್ತನ ಪಾಲಿಗೆ ಹೋಗುತ್ತದೆ. ಯಾರಿಗೂ ಒಂದು ದಿನ ಹೆಚ್ಚು ಕೊಡದ ಅವನನ್ನು ಆಫೀಸಿನಲ್ಲಿ ಎಲ್ಲರೂ ಕತ್ತರಿ ಎನ್ನುತ್ತಿದ್ದರು.

ಬೆರಳು ತಾನಾಗಿ 'ಇಲ್ಲ'ದ ಕಡೆಗೆ ಸರಿಯಿತು. ಅಣ್ಣತಮ್ಮಂದಿರು ಇದಾರಾ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ಅದನ್ನೇ ಹೇಳಿದ್ದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದು ಹೋದರು. ಅವಳು ಏಳಲಿಲ್ಲ. ಅವರು ಬರುವ ಸದ್ದು ಮೆಟ್ಟಿಲ ಮೇಲೆ ಕೇಳಿಸಿದಾಗ 'ಇದೆ' ಒತ್ತಿದಳು. ಅಣ್ಣನ ಹೆಸರು ಅವಳ ಪಟ್ಟಿಯಿಂದ ಮಾಯವಾಯಿತು.

ಎದ್ದು ಕತ್ತರಿಯ ಮೇಜಿನ ಬಳಿ ನಿಂತಳು. "ಈಗೊಂದು ಖಾತೆ ಬಂತಲ್ಲ, ಅದು ನಮ್ಮಣ್ಣಂದು."

"ನಿಮಗೆ ಅಣ್ಣ ಇದಾರಾ ಅಕ್ಕ? ಒಂದಿನಾನೂ ಹೇಳಿಲ್ಲ."

"ಹೇಳೋ ಹಾಗಿರಲಿಲ್ಲ. ಪಿಂಚಣಿ ಇನ್ನೂ ಬಂದಿಲ್ವಂತೆ."

ಅವನು ಅವಳ ಮುಖ ನೋಡಿದ, ಆಮೇಲೆ ಪರದೆ ನೋಡಿದ. "ದಂಡ ತೆಗೀತೀನಿ. ಪಿಂಚಣಿ ತಡ ಅಂತ ಕಾರಣ ಬರೀಬಹುದು. ಬಾಡಿಗೆಗೂ ಎರಡು ತಿಂಗಳು ಟೈಮ್ ಸಿಗತ್ತೆ, ಯಾರಾದ್ರೂ ಜವಾಬ್ದಾರಿ ಅಂತ ಸೈನ್ ಹಾಕಿದ್ರೆ."

"ಕೊಡಿ, ಹಾಕ್ತೀನಿ."

ಸಂಜೆ ಆಫೀಸು ಬಿಟ್ಟವಳು ತನ್ನ ಕೋಣೆಗೆ ಹೋಗುವ ಬಸ್ಸನ್ನು ಬಿಟ್ಟು ಬೇರೆ ಬಸ್ಸು ಹತ್ತಿದಳು. ವಿಳಾಸ ಬಾಯಿಪಾಠವಾಗಿತ್ತು. ನೆಲಮಹಡಿಯ ಮನೆ, ಬಣ್ಣ ಎದ್ದ ಬಾಗಿಲು. ತಟ್ಟಿದಾಗ ಒಳಗಿನಿಂದ, "ಚಿಲಕ ಹಾಕಿಲ್ಲ, ತಳ್ಳಿ" ಎಂಬ ದನಿ ಬಂತು.

ತಳ್ಳಿದಳು. ಅಣ್ಣ ಕುರ್ಚಿಯಿಂದ ಎದ್ದು ಬರುತ್ತಿದ್ದ. ತಲೆಯಲ್ಲಿ ಒಂದು ಕರಿಕೂದಲೂ ಉಳಿದಿರಲಿಲ್ಲ. ಮೂಗಿಗೆ ಸಿಕ್ಕಿಸಿದ ತೆಳುವಾದ ಕೊಳವೆ ಅವನ ಹಿಂದೆ ನೆಲದ ಮೇಲೆ ಬಿಚ್ಚಿಕೊಳ್ಳುತ್ತ ಬಂದು, ಬಾಗಿಲಿಗೆ ನಾಲ್ಕು ಹೆಜ್ಜೆ ಇರುವಾಗ ಬಿಗಿಯಾಯಿತು. ಅವನು ಅಲ್ಲೇ ನಿಂತು ಅವಳನ್ನು ನೋಡಿದ.

"ಇದು... ಇಲ್ಲೀವರೆಗೇ ಬರೋದು" ಎಂದ.

ಅವಳು ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಬಗ್ಗಿ, ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು.